ಕೊಳೆಯುವುದು ಮತ್ತು ಕೊಳೆಯದೇ ಉಳಿಯುವುದು: ಕೈಗಾರಿಕಾ ಕೆಸರು, ಭಾರ ಲೋಹ ಹಾಗೂ ಗೊಬ್ಬರದ ಗುಂಡಿ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ ಪಾಠ)

ಪಾಠದ ಉದ್ದೇಶ

ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸಿದಾಗ ತಳದಲ್ಲಿ ಉಳಿಯುವ ಗಟ್ಟಿ ರಾಡಿಯನ್ನು ಕೈಗಾರಿಕಾ ಕೆಸರು ಅಥವಾ ಸ್ಲಡ್ಜ್ ಎಂದು ಕರೆಯಲಾಗುತ್ತದೆ. ಇಂತಹ ಕೆಸರನ್ನು ಸಗಣಿ, ಕಬ್ಬಿನ ತರಗು, ಹುಲ್ಲಿನೊಡನೆ ಬೆರೆಸಿ ಕಾಂಪೋಸ್ಟ್ ಮಾಡಬಹುದೆಂಬ ಸಲಹೆಯೂ, ಸಿದ್ಧ ಗೊಬ್ಬರವೆಂಬ ಹೆಸರಿನಲ್ಲಿ ಅದನ್ನು ರೈತರಿಗೆ ಉಚಿತವಾಗಿ ಒದಗಿಸುವ ಪ್ರಸ್ತಾವವೂ ಗ್ರಾಮ ಪಂಚಾಯಿತಿಗಳ ಮುಂದೆ ಬರುವ ಸಂಭವವಿದೆ. ಆಗ ಸದಸ್ಯರು ಏನನ್ನು ಕೇಳಬೇಕು, ಏನನ್ನು ಒಪ್ಪಬಹುದು, ಏನನ್ನು ಒಪ್ಪಬಾರದು ಎಂಬುದನ್ನು ಈ ಪಾಠವು ವಿವರಿಸುತ್ತದೆ.

ಪಾಠದ ಸಾರ ಇಷ್ಟು: ಗೊಬ್ಬರದ ಗುಂಡಿಯು ಕೊಳೆಯುವ ವಸ್ತುವನ್ನು ಕೊಳೆಸುತ್ತದೆ. ಲೋಹ ಕೊಳೆಯುವುದಿಲ್ಲ. ಆದುದರಿಂದ ಗುಂಡಿಯೊಳಗೆ ಏನು ಹೋಗಬೇಕೆಂಬುದನ್ನು ಬಾಗಿಲಲ್ಲಿಯೇ ತೀರ್ಮಾನಿಸಬೇಕು. ಒಳಗೆ ಹೋದ ಮೇಲೆ ತೀರ್ಮಾನಿಸಲು ಹೆಚ್ಚೇನೂ ಉಳಿಯುವುದಿಲ್ಲ.

1. ಮುತ್ತತ್ತಿಯ ನಕ್ಷೆ ಹೇಳುವ ವಿಚಾರ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯು ಕಾವೇರಿಯ ದಡದಲ್ಲಿರುವ ಆಂಜನೇಯನ ಕ್ಷೇತ್ರ. ಸುತ್ತಲಿನ ಅರಣ್ಯವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. ಇಲ್ಲಿ ಭಕ್ತರು ನದಿಯಲ್ಲಿ ಮೀಯುತ್ತಾರೆ. ಮಹಶೀರ್ ಮೀನು, ನೀರುನಾಯಿ, ಮೊಸಳೆಗಳು ಅದೇ ನೀರನ್ನು ಆಶ್ರಯಿಸಿವೆ.

ಈ ನೀರು ಬರುವ ದಾರಿಯನ್ನು ಸದಸ್ಯರು ಗಮನಿಸಬೇಕು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ಮುತ್ತತ್ತಿ ಇರುವುದು ಆ ಸೇರುವಿಕೆಯ ಕೆಳಗೆ. ಅಂದರೆ ಶಿಂಷಾ ಕಣಿವೆಯ ಹೊಲಗದ್ದೆಗಳಿಂದ ಮಳೆಯಲ್ಲಿ ಕೊಚ್ಚಿಹೋಗುವ ಮಣ್ಣು ಮುತ್ತತ್ತಿಯ ಮುಂದೆಯೇ ಸಾಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಹೊತ್ತ ವೃಷಭಾವತಿಯ ದಾರಿ ಬೇರೆ. ಅದು ಕೆಂಗೇರಿ, ಬಿಡದಿಗಳ ಕಡೆಯಿಂದ ಬೈರಮಂಗಲ ಜಲಾಶಯಕ್ಕೆ ಬಂದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಕಾವೇರಿಗೆ ಸೇರುವುದು ಕನಕಪುರ ತಾಲ್ಲೂಕಿನ ಸಂಗಮದಲ್ಲಿ, ಮುತ್ತತ್ತಿಯ ಕೆಳಭಾಗದಲ್ಲಿ. ಆದುದರಿಂದ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ಕಶ್ಮಲವು ವೃಷಭಾವತಿಯ ನೀರಿನ ಮೂಲಕ ಮುತ್ತತ್ತಿಗೆ ತಲುಪುವುದಿಲ್ಲ. ತಲುಪುವುದಾದರೆ ರಸ್ತೆಯ ಮೂಲಕ, ಲಾರಿಯ ಮೇಲೆ ತಲುಪಬೇಕು. ಬೆಂಗಳೂರಿನಿಂದ ಕನಕಪುರ, ಹಲಗೂರು, ಮಳವಳ್ಳಿಗಳ ಮಾರ್ಗ ಹಿಂದಿನಿಂದಲೂ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯು ಮದ್ದೂರನ್ನು ರಾಜಧಾನಿಗೆ ಇನ್ನಷ್ಟು ಸಮೀಪಕ್ಕೆ ತಂದಿದೆ. ಜಿಲ್ಲೆಯೊಳಗೂ ಗೆಜ್ಜಲಗೆರೆ, ಸೋಮನಹಳ್ಳಿ, ತೂಬಿನಕೆರೆಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಅಲ್ಲಿನ ಘಟಕಗಳೆಲ್ಲ ಅಪಾಯಕಾರಿ ಎಂಬುದು ಇದರ ಅರ್ಥವಲ್ಲ. ನದಿಯನ್ನು ತಡೆಯುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಗ್ರಾಮದ ರಸ್ತೆಗೆ ಬರುವ ಲಾರಿಯನ್ನು ಪ್ರಶ್ನಿಸುವುದು ಅದರ ಕೈಯಲ್ಲಿದೆ. ಮುತ್ತತ್ತಿಯ ನೀರಿನ ರಕ್ಷಣೆ ಎಷ್ಟೋ ಮೇಲಿನ ಹಳ್ಳಿಗಳ ಹೊಲದ ಬದುವಿನಲ್ಲಿ ಆರಂಭವಾಗುತ್ತದೆ.

2. ಎಲ್ಲ ಕೆಸರೂ ಒಂದೇ ಅಲ್ಲ

ಮಂಡ್ಯ ಜಿಲ್ಲೆಯ ರೈತರಿಗೆ ಕಾರ್ಖಾನೆಯ ಕೆಸರು ಹೊಸದಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾಲದಿಂದ ಜಿಲ್ಲೆಯು ಕಬ್ಬಿನ ನಾಡು. ಒಂದು ಟನ್ ಕಬ್ಬು ಅರೆದರೆ ಸುಮಾರು 30ರಿಂದ 40 ಕೆ.ಜಿ. ಪ್ರೆಸ್‌ಮಡ್ ದೊರೆಯುತ್ತದೆ. ಇದು ಕಬ್ಬಿನ ರಸವನ್ನು ಶೋಧಿಸುವಾಗ ಉಳಿಯುವ ಮಡ್ಡಿ. ಇದರಲ್ಲಿ ಸಾವಯವ ಪದಾರ್ಥ, ರಂಜಕ, ಸುಣ್ಣದ ಅಂಶಗಳಿರುವುದರಿಂದ ಚೆನ್ನಾಗಿ ಕಳಿತರೆ ಉತ್ತಮ ಗೊಬ್ಬರವಾಗುತ್ತದೆ. ಮದ್ಯಸಾರ ಘಟಕಗಳ ತ್ಯಾಜ್ಯ ದ್ರವವನ್ನು ಪ್ರೆಸ್‌ಮಡ್ ರಾಶಿಯ ಮೇಲೆ ಸಿಂಪಡಿಸಿ ಜೈವಿಕ ಗೊಬ್ಬರ ಮಾಡುವ ಕ್ರಮವೂ ಇದೆ. ಅದನ್ನು ನೀರು ಇಂಗದಂತಹ ನೆಲಗಟ್ಟಿನ ಮೇಲೆ, ಮಂಡಳಿಯ ಸಮ್ಮತಿಯೊಡನೆ ಮಾಡಬೇಕು. ಹಾಲು ಸಂಸ್ಕರಣೆ, ಹಣ್ಣು ತರಕಾರಿ ಸಂಸ್ಕರಣೆಗಳ ಕೆಸರು ಸಹ ಮೂಲತಃ ಆಹಾರದ ಶೇಷವೇ.

ಲೋಹ ಲೇಪನ, ಬ್ಯಾಟರಿ ಮರುಸಂಸ್ಕರಣೆ, ಬಣ್ಣ ತಯಾರಿಕೆ, ಬಟ್ಟೆಗೆ ಬಣ್ಣ ಹಾಕುವಿಕೆ, ಕ್ರೋಮಿಯಂ ಬಳಸಿ ಚರ್ಮ ಹದ ಮಾಡುವಿಕೆ ಇವುಗಳಿಂದ ಬರುವ ಕೆಸರಿನ ಸ್ವರೂಪ ಬೇರೆ. ಲೋಹ ಲೇಪನದ ಕೆಸರಿನಲ್ಲಿ ಕ್ರೋಮಿಯಂ, ನಿಕಲ್, ತಾಮ್ರ, ಸತುಗಳು ಶೇಕಡಾವಾರು ಲೆಕ್ಕದಲ್ಲಿಯೇ ಇರಬಹುದು. ಶೇ. 1 ಎಂದರೆ ಒಂದು ಕೆ.ಜಿ.ಗೆ 10,000 ಮಿಲಿಗ್ರಾಂ ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು. ಮುಂದೆ ಬರುವ ಮಿತಿಗಳು ಇದಕ್ಕಿಂತ ಬಹಳ ಕಡಿಮೆ.

ಇವೆರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಹಸಿರು ಅಥವಾ ನೀಲಿ ಛಾಯೆ ಕಂಡರೆ ಕ್ರೋಮಿಯಂ, ನಿಕಲ್, ತಾಮ್ರಗಳ ಅನುಮಾನ ಪಡಬಹುದು. ಆದರೆ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಯಿಂದ ಕೂಡಿರುವುದು ಸುರಕ್ಷತೆಗೆ ಪುರಾವೆಯಲ್ಲ. ಸಗಣಿಯೊಡನೆ ಬೆರೆತ ವಿಷಕ್ಕೂ ಸಗಣಿಯದೇ ವಾಸನೆ. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ “ಇದು ಹೇಗಿದೆ” ಎಂಬುದಲ್ಲ, “ಇದು ಎಲ್ಲಿಂದ ಬಂತು” ಎಂಬುದು.

3. ಗೊಬ್ಬರದ ರಾಶಿಯಲ್ಲಿ ನಡೆಯುವುದೇನು?

ಸಾವಯವ ಪದಾರ್ಥ, ತೇವ ಮತ್ತು ಗಾಳಿ ಸೇರಿದಾಗ ಸೂಕ್ಷ್ಮಜೀವಿಗಳು ಕೆಲಸ ಆರಂಭಿಸುತ್ತವೆ. ರಾಶಿಯ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ರೋಗಾಣುಗಳೂ ಕಳೆಯ ಬೀಜಗಳೂ ನಾಶವಾಗುತ್ತವೆ. ಹುಲ್ಲು, ಎಲೆ, ಸಗಣಿಗಳ ಇಂಗಾಲದ ಬಹುಭಾಗ ಅನಿಲವಾಗಿ ಹೊರಟು ಹೋಗುತ್ತದೆ. ರಾಶಿ ಕುಗ್ಗುವುದನ್ನು ಪ್ರತಿಯೊಬ್ಬ ರೈತನೂ ಕಂಡಿದ್ದಾನೆ.

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸಗಳು ಮೂಲವಸ್ತುಗಳು. ಸೂಕ್ಷ್ಮಜೀವಿಗಳು ಅವುಗಳನ್ನು ಮುರಿದು ಮತ್ತೊಂದನ್ನಾಗಿ ಮಾಡಲಾರವು. ರಾಶಿಯು ಕುಗ್ಗಿದಾಗ ಲೋಹವು ಇದ್ದಷ್ಟೇ ಉಳಿಯುವುದರಿಂದ ಪ್ರತಿ ಕೆ.ಜಿ.ಯಲ್ಲಿ ಅದರ ಪ್ರಮಾಣ ಏರುತ್ತದೆ. ಕೆಳಗಿನ ಲೆಕ್ಕವನ್ನು ಸದಸ್ಯರು ಕಾಗದದ ಮೇಲೆ ಮಾಡಿ ನೋಡತಕ್ಕದ್ದು.

ಮಾದರಿ ಲೆಕ್ಕ

ಒಣ ತೂಕದ 600 ಕೆ.ಜಿ. ಕೆಸರು ಇದೆ. ಅದರ ಪ್ರತಿ ಕೆ.ಜಿ.ಯಲ್ಲಿ 6 ಮಿ.ಗ್ರಾಂ. ಕ್ಯಾಡ್ಮಿಯಂ ಇದೆ. ಒಟ್ಟು ಕ್ಯಾಡ್ಮಿಯಂ 3,600 ಮಿ.ಗ್ರಾಂ. ಇದಕ್ಕೆ ಲೋಹವಿಲ್ಲದ 400 ಕೆ.ಜಿ. ಒಣ ಹುಲ್ಲು ಮತ್ತು ಸಗಣಿಯನ್ನು ಬೆರೆಸಲಾಯಿತು.

ಬೆರೆಸಿದ ದಿನ: 3,600 ÷ 1,000 = ಪ್ರತಿ ಕೆ.ಜಿ.ಗೆ 3.6 ಮಿ.ಗ್ರಾಂ.

ಕಳಿಯುವಾಗ ಒಣ ತೂಕದ ಶೇ. 40 ಭಾಗ ಅನಿಲವಾಗಿ ಹೋಯಿತೆಂದು ಇಟ್ಟುಕೊಂಡರೆ ಉಳಿಯುವುದು 600 ಕೆ.ಜಿ.

ಗೊಬ್ಬರ ಸಿದ್ಧವಾದ ದಿನ: 3,600 ÷ 600 = ಪ್ರತಿ ಕೆ.ಜಿ.ಗೆ 6 ಮಿ.ಗ್ರಾಂ.

ನಗರ ಕಾಂಪೋಸ್ಟ್‌ನಲ್ಲಿ ಕ್ಯಾಡ್ಮಿಯಂನ ಕಾನೂನು ಮಿತಿ ಪ್ರತಿ ಕೆ.ಜಿ.ಗೆ 5 ಮಿ.ಗ್ರಾಂ. ಬೆರೆಸಿದ ದಿನ ಮಾದರಿ ತೆಗೆದು ಪರೀಕ್ಷಿಸಿದರೆ ಅದು ಉತ್ತೀರ್ಣ. ಗೊಬ್ಬರವಾದ ಮೇಲೆ ಪರೀಕ್ಷಿಸಿದರೆ ಅನುತ್ತೀರ್ಣ. ಹುಲ್ಲು ಸೇರಿಸಿ ಇಳಿಸಿದ್ದ ಪ್ರಮಾಣ ಹುಲ್ಲು ಕೊಳೆತೊಡನೆ ಮತ್ತೆ ಮೊದಲಿನ 6ಕ್ಕೆ ಏರಿದೆ. ವರದಿಯ ಮೇಲಿರುವ ದಿನಾಂಕವನ್ನೂ, ಮಾದರಿಯನ್ನು ಯಾವ ಹಂತದಲ್ಲಿ ತೆಗೆದದ್ದು ಎಂಬುದನ್ನೂ ನೋಡಬೇಕೆನ್ನಲು ಇದೇ ಕಾರಣ.

ಇನ್ನು ಅದೇ ಗೊಬ್ಬರಕ್ಕೆ 120 ಕೆ.ಜಿ. ಮಣ್ಣು ಬೆರೆಸಿದರೆ 3,600 ÷ 720 = 5 ಆಗುತ್ತದೆ; ವರದಿ ಮಿತಿಯೊಳಗೆ ಬರುತ್ತದೆ. ಹೊಲಕ್ಕೆ ಹೋಗುವ ಕ್ಯಾಡ್ಮಿಯಂ ಮಾತ್ರ ಅದೇ 3,600 ಮಿ.ಗ್ರಾಂ. ಮಣ್ಣು ಬೆರೆಸಿ ಮಿತಿಯೊಳಗೆ ತರುವುದು ಅಂಕಿಯನ್ನು ಬದಲಿಸುವ ಕ್ರಮವೇ ಹೊರತು ಲೋಹವನ್ನು ತೆಗೆಯುವ ಕ್ರಮವಲ್ಲ.

4. ಕಾಂಪೋಸ್ಟ್‌ನಿಂದ ಪ್ರಯೋಜನವೇ ಇಲ್ಲವೆ?

ಇಲ್ಲವೆನ್ನುವುದು ಸರಿಯಲ್ಲ. ಕಳಿತ ಸಾವಯವ ಪದಾರ್ಥದ ಹ್ಯೂಮಸ್ ಲೋಹದ ಕಣಗಳನ್ನು ತನ್ನೊಡನೆ ಬಂಧಿಸಿಕೊಳ್ಳುತ್ತದೆ. ಅವು ನೀರಿನಲ್ಲಿ ಸುಲಭವಾಗಿ ಕರಗುವುದೂ, ಬೇರಿಗೆ ದೊರೆಯುವುದೂ ಕಡಿಮೆಯಾಗುತ್ತದೆ. ಸುಣ್ಣ ಸೇರಿಸಿ ಆಮ್ಲೀಯತೆಯನ್ನು ತಗ್ಗಿಸಿದರೆ ಈ ಪರಿಣಾಮ ಹೆಚ್ಚು. ಅತ್ಯಂತ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ, ಸಾವಯವ ಪದಾರ್ಥದ ಸಂಪರ್ಕದಲ್ಲಿ ಅದಕ್ಕಿಂತ ಕಡಿಮೆ ವಿಷದ ಮೂರು ವೇಲೆನ್ಸಿಯ ರೂಪಕ್ಕೆ ತಿರುಗುವುದೂ ನಿಜ. ಈ ಕಾರಣಗಳಿಂದಲೇ ವಿಜ್ಞಾನಿಗಳು ಕೆಸರಿನ ಕಾಂಪೋಸ್ಟ್ ಬಗ್ಗೆ ಪ್ರಯೋಗಗಳನ್ನು ನಡೆಸುತ್ತಾರೆ.

ಆದರೆ ಬಂಧಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ. ಹೊಲದಲ್ಲಿ ಹ್ಯೂಮಸ್ ಸಹ ವರ್ಷಗಳು ಕಳೆದಂತೆ ಕರಗುತ್ತದೆ. ಮಣ್ಣು ಆಮ್ಲೀಯವಾದರೆ ಬಂಧ ಸಡಿಲವಾಗುತ್ತದೆ. ಲೋಹ ಮತ್ತೆ ಬೇರಿಗೆ ದೊರೆಯುತ್ತದೆ. ಎರೆಹುಳು ಗೊಬ್ಬರದ ವಿಚಾರವೂ ಹೀಗೆಯೇ. ಎರೆಹುಳು ಲೋಹದ ಸ್ವಲ್ಪ ಭಾಗವನ್ನು ತನ್ನ ದೇಹದಲ್ಲಿ ಶೇಖರಿಸಿಕೊಳ್ಳುತ್ತದೆ. ಆ ಹುಳುವನ್ನು ಕೋಳಿ ತಿಂದರೆ ಲೋಹ ಕೋಳಿಗೆ ದಾಟುತ್ತದೆ. ಸಾಸಿವೆ ಮುಂತಾದ ಸಸ್ಯಗಳಿಂದ ಮಣ್ಣಿನ ಲೋಹವನ್ನು ಹೀರಿಸುವ ಕ್ರಮವಿದೆ. ಅದಕ್ಕೆ ಹಲವು ವರ್ಷಗಳು ಬೇಕು, ಕೊಯ್ದ ಗಿಡವನ್ನು ಮೇವಾಗಿಯೂ ಗೊಬ್ಬರವಾಗಿಯೂ ಬಳಸುವಂತಿಲ್ಲ.

5. ಕಾನೂನಿನ ಮಿತಿಗಳು

ರಸಗೊಬ್ಬರ ನಿಯಂತ್ರಣ ಆದೇಶ, 1985ರ ಪ್ರಕಾರ ನಗರ ಕಾಂಪೋಸ್ಟ್‌ನಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ, ಒಣ ತೂಕದ ಪ್ರತಿ ಕೆ.ಜಿ.ಗೆ ಮಿಲಿಗ್ರಾಂಗಳಲ್ಲಿ:

ಪಾದರಸ – 0.15
ಕ್ಯಾಡ್ಮಿಯಂ – 5
ಆರ್ಸೆನಿಕ್ – 10
ಕ್ರೋಮಿಯಂ – 50
ನಿಕಲ್ – 50
ಸೀಸ – 100
ತಾಮ್ರ – 300
ಸತು – 1,000

ಸತು ಮತ್ತು ತಾಮ್ರಗಳಿಗೆ ಹೆಚ್ಚಿನ ಮಿತಿ ಇರುವುದೇಕೆಂದು ಸದಸ್ಯರು ಕೇಳಬಹುದು. ಇವೆರಡೂ ಬೆಳೆಗೆ ಅಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶಗಳು. ಭತ್ತದ ಗದ್ದೆಗೆ ಸತುವಿನ ಸಲ್ಫೇಟ್ ಹಾಕುವುದು ರೂಢಿಯಲ್ಲಿಯೇ ಇದೆ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಬೆಳೆಗಾಗಲಿ ಮನುಷ್ಯನಿಗಾಗಲಿ ಯಾವ ಉಪಯೋಗವೂ ಇಲ್ಲ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡ ಮತ್ತು ಮೂಳೆಗಳನ್ನು ಕೆಡಿಸುತ್ತದೆ. ದೇಹವನ್ನು ಸೇರಿದ ಕ್ಯಾಡ್ಮಿಯಂ ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು.

ಕುಡಿಯುವ ನೀರಿಗೆ ಭಾರತೀಯ ಮಾನಕ 10500, 2012ರ ಮಿತಿಗಳು ಇನ್ನೂ ಕಟ್ಟುನಿಟ್ಟು: ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿ.ಗ್ರಾಂ., ಕ್ಯಾಡ್ಮಿಯಂ 0.003 ಮಿ.ಗ್ರಾಂ., ಒಟ್ಟು ಕ್ರೋಮಿಯಂ 0.05 ಮಿ.ಗ್ರಾಂ. ಮೀರುವಂತಿಲ್ಲ.

ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ ನಿರ್ವಹಣಾ ನಿಯಮಗಳು, 2016 ಇಂತಹ ಕೆಸರನ್ನು ಉತ್ಪಾದಿಸುವವನ ಮೇಲೆ ಹೊಣೆ ಹೊರಿಸುತ್ತವೆ. ಆತನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪತ್ರ ಪಡೆದಿರಬೇಕು. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ತ್ಯಾಜ್ಯವನ್ನು ಆವರಣದಲ್ಲಿ ಇರಿಸಿಕೊಳ್ಳುವಂತಿಲ್ಲ. ಸಾಗಿಸುವಾಗ ನಮೂನೆ 10ರ ಸಾಗಣೆ ಪತ್ರವು ಏಳು ಬಣ್ಣಗಳ ಏಳು ಪ್ರತಿಗಳಲ್ಲಿ ಇರಬೇಕು. ತ್ಯಾಜ್ಯವು ಅಧಿಕೃತ ವಿಲೇವಾರಿ ಅಥವಾ ಮರುಬಳಕೆ ಘಟಕಕ್ಕೇ ತಲುಪಬೇಕು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಅಂತಹ ಭೂಭರ್ತಿ ಕೇಂದ್ರವಿದೆ. ಅಲ್ಲಿಗೆ ಕಳುಹಿಸಲು ಸಾಗಣೆ ವೆಚ್ಚ, ವಿಲೇವಾರಿ ಶುಲ್ಕ ಎರಡೂ ಬೀಳುತ್ತವೆ. ರೈತನ ಹೊಲಕ್ಕೆ ಸುರಿದರೆ ಯಾವ ಶುಲ್ಕವೂ ಇಲ್ಲ. ಉಚಿತ ಗೊಬ್ಬರವೆಂಬ ಮಾತಿನ ಹಿಂದೆ ಯಾರ ಖರ್ಚು ಉಳಿಯುತ್ತದೆ ಎಂಬುದನ್ನು ವಿಚಾರಿಸುವುದು ತಪ್ಪಲ್ಲ.

6. ಹೊಲದ ಲೆಕ್ಕ

ಒಂದು ಎಕರೆಯ ಮೇಲ್ಮಣ್ಣು, 15 ಸೆಂ.ಮೀ. ಆಳದವರೆಗೆ, ಸುಮಾರು 8 ಲಕ್ಷ ಕೆ.ಜಿ. ತೂಗುತ್ತದೆ. ಶೇ. 2ರಷ್ಟು ಕ್ರೋಮಿಯಂ ಇರುವ ಒಂದು ಟನ್ ಒಣ ಕೆಸರನ್ನು ಆ ಎಕರೆಗೆ ಹರಡಿದರೆ 20 ಕೆ.ಜಿ. ಕ್ರೋಮಿಯಂ ಹರಡಿದಂತೆ. ಅಂದರೆ ಮಣ್ಣಿನ ಪ್ರತಿ ಕೆ.ಜಿ.ಗೆ 25 ಮಿ.ಗ್ರಾಂ. ಒಂದೇ ಬಾರಿಗೆ ಸೇರುತ್ತದೆ. ನಾಲ್ಕು ಬಾರಿ ಹರಡಿದರೆ 100. ಮಳೆ ಇದನ್ನು ತೊಳೆದು ಶುದ್ಧಿ ಮಾಡುವುದಿಲ್ಲ. ಮಣ್ಣಿನ ಸಮೇತ ಕೊಚ್ಚಿದರೆ ಕೆರೆಗೆ, ಹಳ್ಳಕ್ಕೆ, ಶಿಂಷಾಕ್ಕೆ ಸಾಗಿಸುತ್ತದೆ. ನದಿಯ ತಳದ ಹೂಳಿನಲ್ಲಿ ಅದು ನೆಲೆಗೊಳ್ಳುತ್ತದೆ.

ಬೆಳೆಗೆ ದಾಟುವ ಬಗೆ ಲೋಹದಿಂದ ಲೋಹಕ್ಕೆ ಭಿನ್ನ. ಸೀಸದ ಬಹುಭಾಗ ಮಣ್ಣಿನಲ್ಲಿ ಮತ್ತು ಬೇರಿನಲ್ಲಿ ನಿಲ್ಲುತ್ತದೆ. ಧೂಳಿನಿಂದ, ಸೊಪ್ಪಿಗೆ ಅಂಟಿದ ಮಣ್ಣಿನಿಂದ, ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಕ್ಯಾಡ್ಮಿಯಂ ಸುಲಭವಾಗಿ ಗಿಡದೊಳಗೆ ಏರುತ್ತದೆ. ಸೊಪ್ಪು ತರಕಾರಿಗಳಲ್ಲಿ ಹೆಚ್ಚು. ಭತ್ತದ ಗದ್ದೆಯಲ್ಲಿ ನೀರು ನಿಂತಿರುವಾಗ ಅದು ಮಣ್ಣಿನಲ್ಲಿ ಬಂಧಿತವಾಗಿರುತ್ತದೆ; ಕೊಯ್ಲಿಗೆ ಮುನ್ನ ನೀರು ಬಸಿದಾಗ ಬಿಡುಗಡೆಯಾಗಿ ತೆನೆಗೆ ಏರುತ್ತದೆ. ಭತ್ತವನ್ನೇ ನಂಬಿದ ನಾಲಾ ಪ್ರದೇಶದ ಸದಸ್ಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಜಪಾನ್ ದೇಶದ ತೊಯಾಮ ಪ್ರಾಂತ್ಯದ ಜಿಂಜು ನದಿ ಕಣಿವೆಯಲ್ಲಿ ಇದೇ ಸಂಭವಿಸಿತು. ಮೇಲ್ಭಾಗದ ಕಮಿಯೊಕ ಗಣಿಯಿಂದ ಕ್ಯಾಡ್ಮಿಯಂ ನದಿಗೆ ಸೇರಿತು. ನದಿಯ ನೀರು ಭತ್ತದ ಗದ್ದೆಗೆ, ಅಕ್ಕಿ ಊಟದ ತಟ್ಟೆಗೆ ಬಂತು. ಹೆಚ್ಚಾಗಿ ವಯಸ್ಸಾದ ಹೆಂಗಸರ ಮೂಳೆಗಳು ಮೆತ್ತಗಾಗಿ, ಅಲ್ಪ ಚಲನೆಗೂ ಮುರಿಯತೊಡಗಿದವು. ರೋಗಕ್ಕೆ ಇತಾಯಿ–ಇತಾಯಿ ಎಂದು ಹೆಸರಾಯಿತು; ಜಪಾನಿ ಭಾಷೆಯಲ್ಲಿ ಅದರ ಅರ್ಥ “ನೋವು, ನೋವು”. ಗಣಿಯ ಕ್ಯಾಡ್ಮಿಯಂ ಇದಕ್ಕೆ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಬಳಿಕ ಸುಮಾರು 860 ಹೆಕ್ಟೇರ್ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕಾರ್ಯ ಮೂರು ದಶಕಗಳ ಕಾಲ ನಡೆದು 2012ರಲ್ಲಿ ಮುಗಿಯಿತು. ಶ್ರೀಮಂತ ರಾಷ್ಟ್ರವೊಂದಕ್ಕೇ ಒಂದು ಕಣಿವೆಯ ಗದ್ದೆಗಳನ್ನು ಸರಿಪಡಿಸಲು ಇಷ್ಟು ಕಾಲ ಹಿಡಿಯಿತು.

7. ನಮ್ಮ ಘಟಕಗಳ ಒಳಗಿನ ಅಪಾಯ

ಭಾರ ಲೋಹ ಹೊರಗಿನ ಲಾರಿಯಿಂದ ಮಾತ್ರ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣದ ಹಸಿ ಕಸದೊಡನೆ ಟಾರ್ಚ್ ಸೆಲ್, ಗಡಿಯಾರದ ಬಟನ್ ಸೆಲ್, ಒಡೆದ ಟ್ಯೂಬ್‌ಲೈಟ್, ಬಣ್ಣದ ಡಬ್ಬಿ, ಮೊಬೈಲ್ ಚೂರುಗಳು ಬೆರೆತರೆ ಗೊಬ್ಬರಕ್ಕೂ ಅದೇ ಗತಿ. ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದೇಶದ 29 ನಗರಗಳ ಕಾಂಪೋಸ್ಟ್ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಕೆ ಕಸದ ಗೊಬ್ಬರಕ್ಕಿಂತ ಮೂಲದಲ್ಲಿಯೇ ಬೇರ್ಪಡಿಸಿದ ಕಸದ ಗೊಬ್ಬರದಲ್ಲಿ ಭಾರ ಲೋಹ ಕಡಿಮೆ ಎಂಬುದು ಕಂಡುಬಂತು. ಯಂತ್ರದಿಂದ ಸಾಧ್ಯವಾಗದ್ದು ಮನೆಯ ಎರಡು ಬುಟ್ಟಿಗಳಿಂದ ಸಾಧ್ಯವಾಗುತ್ತದೆ.

ಘಟಕದಲ್ಲಿ ಕಸ ವಿಂಗಡಿಸುವವರು ಬಹುಪಾಲು ಸಂಜೀವಿನಿ ಒಕ್ಕೂಟದ ಮಹಿಳೆಯರು. ನಿರ್ವಹಣಾ ವೆಚ್ಚ ದೊರೆಯುತ್ತದೆಂಬ ಕಾರಣಕ್ಕೆ ಹೊರಗಿನ ಕೆಸರನ್ನು ಘಟಕಕ್ಕೆ ಒಪ್ಪಿಕೊಂಡರೆ ಮೊದಲು ಅದನ್ನು ಮುಟ್ಟುವ ಕೈಗಳು ಅವರವು. ಕೈಗವಸು, ಮುಖಗವಸು, ಬೂಟುಗಳನ್ನು ಒದಗಿಸುವುದು ಅವಶ್ಯಕ. ಆದರೆ ಕೈಗವಸು ಒದಗಿಸಿದೆ ಎಂಬುದು ಅಪಾಯಕಾರಿ ಕೆಸರನ್ನು ಒಳಗೆ ಬಿಡಲು ಸಮರ್ಥನೆಯಾಗದು.

8. ಗ್ರಾಮ ಪಂಚಾಯಿತಿಯು ಅನುಸರಿಸಬೇಕಾದ ಕ್ರಮ

(ಅ) ಪ್ರಸ್ತಾವ ಬಂದಾಗ

ಕೆಸರು ಅಥವಾ ಕೆಸರಿನ ಗೊಬ್ಬರ ಒದಗಿಸುವವರಿಂದ ಕೆಳಗಿನವುಗಳನ್ನು ಲಿಖಿತವಾಗಿ ಕೇಳತಕ್ಕದ್ದು:

1. ಕೆಸರು ಉತ್ಪಾದಿಸಿದ ಘಟಕದ ಹೆಸರು, ವಿಳಾಸ, ಅಲ್ಲಿ ನಡೆಯುವ ಕೆಲಸದ ವಿವರ.
2. ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲ್ತಿಯಲ್ಲಿರುವ ಸಮ್ಮತಿ ಪತ್ರದ ಪ್ರತಿ. ಅದರಲ್ಲಿ ಈ ಕೆಸರಿನ ವಿಲೇವಾರಿಯ ಬಗ್ಗೆ ಏನು ಬರೆದಿದೆ ಎಂಬ ಅಂಶ.
3. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ: ಅದೇ ಲೋಡಿನದು, ಕಳಿತ ನಂತರದ್ದು, ಎಂಟೂ ಲೋಹಗಳನ್ನು ಒಳಗೊಂಡದ್ದು.
4. ಗೊಬ್ಬರವೆಂದು ಮಾರುವುದಾದರೆ ರಸಗೊಬ್ಬರ ನಿಯಂತ್ರಣ ಆದೇಶದಂತೆ ಇರಬೇಕಾದ ಅನುಮತಿ ಮತ್ತು ಚೀಲದ ಮೇಲಿನ ಮುದ್ರಿತ ವಿವರ.

ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಒಪ್ಪಿಗೆ ನೀಡುವಂತಿಲ್ಲ. ಮಣ್ಣು ಆರೋಗ್ಯ ಚೀಟಿಯನ್ನು ಈ ವರದಿಗೆ ಬದಲಾಗಿ ಸ್ವೀಕರಿಸಬಾರದು. ಆ ಚೀಟಿಯು ರಸಸಾರ, ಲವಣಾಂಶ, ಸಾವಯವ ಇಂಗಾಲ ಹಾಗೂ ಪೋಷಕಾಂಶಗಳು ಸೇರಿ 12 ಅಂಶಗಳನ್ನು ತಿಳಿಸುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಅದರಲ್ಲಿ ಇಲ್ಲ. ಚೀಟಿ ಚೆನ್ನಾಗಿದೆಯೆಂದರೆ ಹೊಲದಲ್ಲಿ ವಿಷವಿಲ್ಲವೆಂದು ಅರ್ಥವಲ್ಲ.

ಅನುಮಾನ ಪರಿಹಾರಕ್ಕೆ ಸರಳವಾದ ಮೊಳಕೆ ಪರೀಕ್ಷೆ ಮಾಡಬಹುದು. ಗೊಬ್ಬರವನ್ನು ನೀರಿನಲ್ಲಿ ಕದಡಿ ಸೋಸಿ, ಆ ನೀರಿನಲ್ಲಿ 20 ಹೆಸರುಕಾಳುಗಳನ್ನೂ, ಬೇರೆ ತಟ್ಟೆಯಲ್ಲಿ ಶುದ್ಧ ನೀರಿನಲ್ಲಿ 20 ಕಾಳುಗಳನ್ನೂ ಮೊಳೆಯಲು ಇಡಬೇಕು. ಮೊದಲನೆಯದರಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಬೇರು ಕುಂಠಿತವಾದರೆ ಗೊಬ್ಬರದಲ್ಲಿ ದೋಷವಿದೆ. ಎರಡೂ ಸಮನಾಗಿ ಮೊಳೆತರೆ ಸುರಕ್ಷಿತವೆಂದು ಮಾತ್ರ ತೀರ್ಮಾನಿಸಬಾರದು; ಬೀಜಕ್ಕೆ ತಾಗದ ಪ್ರಮಾಣ ಮನುಷ್ಯನಿಗೆ ಹಾನಿಕರವಾಗಿರಬಹುದು.

(ಆ) ಕೆಸರನ್ನು ಈಗಾಗಲೇ ಸುರಿದಿದ್ದರೆ

1. ರಾಶಿಯನ್ನು ಹರಡಬಾರದು, ಉಳಬಾರದು, ಬೇರೆಡೆಗೆ ಸಾಗಿಸಬಾರದು. ಟಾರ್ಪಾಲಿನ್ ಹೊದಿಸಿ, ಸುತ್ತ ಬದು ಹಾಕಿ, ದನಕರು ಹಾಗೂ ಮಕ್ಕಳನ್ನು ದೂರವಿಡಬೇಕು.
2. ವಾಹನದ ಸಂಖ್ಯೆ, ದಿನಾಂಕ, ವೇಳೆ, ಛಾಯಾಚಿತ್ರಗಳೊಡನೆ ಸ್ಥಳದಲ್ಲಿಯೇ ಪಂಚನಾಮೆ ಬರೆಯಬೇಕು.
3. ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಡ್ಯ ಪ್ರಾದೇಶಿಕ ಕಚೇರಿ, ತಹಶೀಲ್ದಾರರು, ಪೊಲೀಸ್ ಠಾಣೆ ಹಾಗೂ ರೈತ ಸಂಪರ್ಕ ಕೇಂದ್ರಕ್ಕೆ ಅದೇ ದಿನ ಪತ್ರ ಕಳುಹಿಸಿ ಸ್ವೀಕೃತಿ ಪಡೆಯಬೇಕು.
4. ಕಾನೂನು ಕ್ರಮಕ್ಕೆ ಬೇಕಾದ ಮಾದರಿಯನ್ನು ಮಂಡಳಿಯ ಅಧಿಕಾರಿಗಳೇ ತೆಗೆಯಬೇಕು. ಪಂಚಾಯಿತಿಯು ಮಾಹಿತಿಗಾಗಿ ತೆಗೆಯುವುದಾದರೆ ರಾಶಿಯ ಹತ್ತು ಕಡೆಗಳಿಂದ, ಪ್ಲಾಸ್ಟಿಕ್ ಅಥವಾ ಮರದ ಸಲಕರಣೆಯಿಂದ ತೆಗೆದು, ಬೆರೆಸಿ, ಒಂದು ಕೆ.ಜಿ. ಉಳಿಸಿ ಮುದ್ರೆ ಹಾಕಬೇಕು. ತಗಡಿನ ಬಾಂಡಲಿ ಬಳಸಿದರೆ ಸತುವಿನ ಅಂಕಿ ಕೆಡುತ್ತದೆ.
5. ಸಮೀಪದ ಕೊಳವೆ ಬಾವಿ ಹಾಗೂ ತೆರೆದ ಬಾವಿಗಳ ನೀರನ್ನು ಲೋಹಗಳಿಗಾಗಿಯೇ ಪರೀಕ್ಷಿಸುವಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ಕೋರಬೇಕು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದ ಉದಾಹರಣೆ ರಾಜ್ಯದಲ್ಲಿಯೇ ಇದೆ.

ಹೊಲದ ಒಡೆಯನಾದ ರೈತನನ್ನು ಮೊದಲ ಆರೋಪಿಯಂತೆ ಕಾಣಬಾರದು. ದನಗಳು ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರ ದುಬಾರಿಯಾಗಿರುವ ಕಾಲದಲ್ಲಿ ಬಾಗಿಲಿಗೆ ಬಂದ ಗೊಬ್ಬರವನ್ನು ಆತ ನಂಬಿರುತ್ತಾನೆ. ಆತ ಹೆದರಿ ರಾತ್ರೋರಾತ್ರಿ ಉತ್ತು ಮುಚ್ಚಿದರೆ ಸಾಕ್ಷಿಯೂ ಹೋಯಿತು, ಹೊಲವೂ ಹೋಯಿತು. ಧೈರ್ಯವಾಗಿ ತಿಳಿಸುವ ರೈತನೇ ಊರಿಗೆ ಉಪಕಾರ ಮಾಡುವವನು. ತೆರವಿನ ವೆಚ್ಚ ತ್ಯಾಜ್ಯ ಉತ್ಪಾದಿಸಿದವನದು ಎಂಬುದು 2016ರ ನಿಯಮಗಳ ಆಶಯ.

ಹರಡಿ ಆಗಿಹೋಗಿದ್ದರೆ ಸೊಪ್ಪು ತರಕಾರಿ ಬೆಳೆಯುವುದನ್ನು ನಿಲ್ಲಿಸಿ, ಪರೀಕ್ಷೆಯ ಫಲಿತಾಂಶದೊಡನೆ ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳ ಸಲಹೆ ಪಡೆಯಬೇಕು. ಆಮ್ಲೀಯ ಮಣ್ಣಿಗೆ ಸುಣ್ಣ, ಬೆಳೆ ಬದಲಾವಣೆ, ನೀರಿನ ನಿರ್ವಹಣೆ ಇವುಗಳಲ್ಲಿ ಯಾವುದು ಸೂಕ್ತವೆಂಬುದು ಯಾವ ಲೋಹ ಇದೆ ಎಂಬುದನ್ನು ಅವಲಂಬಿಸಿದೆ. ಉದಾಹರಣೆಗೆ, ಗದ್ದೆಯಲ್ಲಿ ನೀರು ನಿಲ್ಲಿಸುವುದು ಕ್ಯಾಡ್ಮಿಯಂ ಅನ್ನು ತಡೆಯುತ್ತದೆ. ಆರ್ಸೆನಿಕ್ ಇದ್ದರೆ ಅದೇ ಕ್ರಮ ಅದನ್ನು ಹೆಚ್ಚಿಸುತ್ತದೆ.

9. ನಿರ್ಣಯದ ಮಾದರಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣವು ನೈರ್ಮಲ್ಯ ಮೊದಲಾದ ಕಾರ್ಯಗಳನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆ. ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಗ್ರಾಮ ಸಭೆಯ ಗಮನಕ್ಕೆ ತಂದು, ಕೆಳಗಿನಂತೆ ನಿರ್ಣಯ ಕೈಗೊಳ್ಳಬಹುದು:

“ಗ್ರಾಮ ಪಂಚಾಯಿತಿ ವ್ಯಾಪ್ತಿಯೊಳಗೆ ಯಾವುದೇ ಕೈಗಾರಿಕಾ ಕೆಸರನ್ನು ಅಥವಾ ಅದರಿಂದ ತಯಾರಿಸಿದ ಗೊಬ್ಬರವನ್ನು ಮೂಲದ ವಿವರ, ಮಂಡಳಿಯ ಸಮ್ಮತಿ ಮತ್ತು ಲೋಹಗಳ ಪರೀಕ್ಷಾ ವರದಿ ಇಲ್ಲದೆ ಇಳಿಸಲು, ಸಂಗ್ರಹಿಸಲು, ಹರಡಲು ಅವಕಾಶ ನೀಡತಕ್ಕದ್ದಲ್ಲವೆಂದೂ, ಸ್ವಚ್ಛ ಸಂಕೀರ್ಣದಲ್ಲಿ ಹೊರಗಿನ ಕೈಗಾರಿಕಾ ಕೆಸರನ್ನು ಸ್ವೀಕರಿಸತಕ್ಕದ್ದಲ್ಲವೆಂದೂ, ಈ ಸಂಬಂಧ ಪ್ರತ್ಯೇಕ ವಹಿಯನ್ನು ಇಡತಕ್ಕದ್ದೆಂದೂ, ಉಲ್ಲಂಘನೆ ಕಂಡುಬಂದಲ್ಲಿ ಅದೇ ದಿನ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಮಾಡತಕ್ಕದ್ದೆಂದೂ ಸಭೆಯು ಸರ್ವಾನುಮತದಿಂದ ನಿರ್ಣಯಿಸಿತು.”

ವಹಿಯಲ್ಲಿ ದಿನಾಂಕ, ವಾಹನ ಸಂಖ್ಯೆ, ಮೂಲ, ಅಂದಾಜು ತೂಕ, ತೋರಿಸಿದ ದಾಖಲೆ, ಇಳಿಸಿದ ಸರ್ವೆ ನಂಬರ್, ಪರಿಶೀಲಿಸಿದವರ ಸಹಿ ಈ ಏಳು ಅಂಕಣಗಳು ಸಾಕು. ಪ್ರೆಸ್‌ಮಡ್ ಲೋಡುಗಳನ್ನೂ ಇದರಲ್ಲಿಯೇ ನಮೂದಿಸಿದರೆ ಒಳ್ಳೆಯ ಗೊಬ್ಬರದ ರೈತನಿಗೆ ತೊಂದರೆಯಾಗದು. ಅದೇ ಹೆಸರಿನಲ್ಲಿ ಬೇರೆ ವಸ್ತು ಬಂದರೆ ಗೊತ್ತಾಗುತ್ತದೆ.

10. ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ಒಣ ತೂಕದ 500 ಕೆ.ಜಿ. ಕೆಸರಿನಲ್ಲಿ ಪ್ರತಿ ಕೆ.ಜಿ.ಗೆ 150 ಮಿ.ಗ್ರಾಂ. ಸೀಸವಿದೆ. ಅದಕ್ಕೆ ಸೀಸವಿಲ್ಲದ 500 ಕೆ.ಜಿ. ಒಣ ಹುಲ್ಲು ಬೆರೆಸಲಾಗಿದೆ. ಕಳಿತ ನಂತರ 600 ಕೆ.ಜಿ. ಉಳಿದರೆ ಗೊಬ್ಬರವು ಮಿತಿಯೊಳಗಿದೆಯೆ? (ಉತ್ತರ: ಬೆರೆಸಿದಾಗ 75, ಕಳಿತ ನಂತರ 125 ಮಿ.ಗ್ರಾಂ.; ಮಿತಿ 100 ಆದುದರಿಂದ ಮಿತಿಯೊಳಗಿಲ್ಲ.)

2. ನಿಮ್ಮ ಗ್ರಾಮ ಪಂಚಾಯಿತಿಯ ಮಳೆನೀರು ಯಾವ ಕೆರೆ, ಹಳ್ಳಗಳ ಮೂಲಕ ಯಾವ ನದಿಯನ್ನು ಸೇರುತ್ತದೆ? ದಾರಿಯಲ್ಲಿ ಕುಡಿಯುವ ನೀರಿನ ಎಷ್ಟು ಮೂಲಗಳಿವೆ? ಗ್ರಾಮ ನಕ್ಷೆಯಲ್ಲಿ ಗುರುತಿಸಿರಿ.

3. ಸ್ವಚ್ಛ ಸಂಕೀರ್ಣದಲ್ಲಿ ಬೇರ್ಪಡಿಸಿದ ಸೆಲ್ಲು, ಟ್ಯೂಬ್‌ಲೈಟ್‌ಗಳನ್ನು ಈಗ ಎಲ್ಲಿ ಇರಿಸಲಾಗುತ್ತಿದೆ? ಅವು ಮುಂದೆ ಎಲ್ಲಿಗೆ ಹೋಗುತ್ತವೆ?

4. ಒಬ್ಬ ಸದಸ್ಯರು “ನಮ್ಮ ಹೊಲಕ್ಕೆ ಹಾಕಿ ಎರಡು ವರ್ಷವಾಯಿತು, ಬೆಳೆ ಚೆನ್ನಾಗಿದೆ, ಏನೂ ಆಗಿಲ್ಲ” ಎಂದು ಸಭೆಯಲ್ಲಿ ಹೇಳುತ್ತಾರೆ. ಈ ಪಾಠದ 4 ಮತ್ತು 6ನೇ ಭಾಗಗಳ ಆಧಾರದಲ್ಲಿ ಅವರಿಗೆ ಗೌರವಪೂರ್ವಕವಾಗಿ ಏನೆಂದು ಉತ್ತರಿಸುವಿರಿ?

ಸದಸ್ಯರು ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಗೆ ಮುನ್ನ ಓದಿ, ಮಾದರಿ ನಿರ್ಣಯದ ಮೇಲೆ ಚರ್ಚಿಸಿ, ಸ್ಥಳೀಯ ಅಗತ್ಯಕ್ಕೆ ತಕ್ಕ ತಿದ್ದುಪಡಿಗಳೊಡನೆ ಅಂಗೀಕರಿಸುವುದು. ಪಾಠದ ಒಂದು ಪ್ರತಿಯನ್ನು ಸ್ವಚ್ಛ ಸಂಕೀರ್ಣದ ಗೋಡೆಗೂ, ಮತ್ತೊಂದನ್ನು ಹಾಲಿನ ಡೇರಿಯ ಸೂಚನಾ ಫಲಕಕ್ಕೂ ಹಾಕುವುದು ಉಪಯುಕ್ತ.